ಇಂಗ್ಲಿಷ್ ಕ್ರಿಯಾಪದಗಳೂ ಅವುಗಳ ಜೊತೆಗಾರರೂ



ನಮಗೆ ಇಂಗ್ಲಿಷ್ ಪದಗಳೇ ಗೊತ್ತಿಲ್ಲ, ಅದಕ್ಕೇ ಮಾತಾಡೋಕೆ ಬರಲ್ಲ ಎಂದು ನಮ್ಮಲ್ಲಿ ತುಂಬ ಜನ ಹೇಳುತ್ತಾರೆ. ಇದು ನಿಜವೋ ಸುಳ್ಳೋ ನೋಡೋಣ. ನಮ್ಮ ಮುಳ್ಳೂರಿನಲ್ಲಿ ಶಾಲೆ ಮೆಟ್ಟಿಲು ಹತ್ತದ ಅಜ್ಜಿಯರೂ ದಿನಾ ಆಡುವ ಇಂಗ್ಲಿಷ್ ಪದಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬಸ್ಸು, ಟಿಕೆಟ್ಟು, ಕರೆಂಟು, ಬಿಲ್ಲು, ಲೋನು, ಮೋಟರು, ಬೋರ್‌ವೆಲ್ಲು, ಇಂಜೆಕ್ಷನ್ನು, ರೇಷನ್ನು, ಫೋನು, ಚಾರ್ಜು. ಹಾಳೆ ತುಂಬಿ ಹೋಗುತ್ತೆ! ಹಾಗಾದರೆ ಪದ ಇಲ್ಲ ಅನ್ನೋದು ಸುಳ್ಳು.

ಆದರೆ ಒಂದು ವಿಷಯ ಗಮನಿಸಿ. ಇವೆಲ್ಲ ನಾಮಪದಗಳು. ಪಕ್ಕದಲ್ಲಿ ನಾವು ಹಾಕೋ ಕ್ರಿಯಾಪದ ಮಾತ್ರ ಕನ್ನಡದ್ದೇ. ಟಿಕೆಟ್ ತಗೋ, ಬಿಲ್ ಕಟ್ಟು, ಲೋನ್ ಎತ್ತು, ಮೋಟರ್ ಹಾಕು, ಬೋರ್ ಕೊರೆಸು. ತೊಡಕು ಇರೋದು ಇಲ್ಲೇ. ನಾಮಪದ ನಮ್ಮ ಹತ್ರ ಇದೆ, ಇಂಗ್ಲಿಷಿನಲ್ಲಿ ಅದರ ಜೊತೆ ಯಾವ ಕ್ರಿಯಾಪದ ಬರುತ್ತೆ ಅನ್ನೋದು ನಮಗೆ ಗೊತ್ತಿಲ್ಲ.

‘ಕಟ್ಟು’ ಎಂಬ ಪದವನ್ನೇ ತೆಗೆದುಕೊಳ್ಳಿ. ಹಸು ಕಟ್ಟುವುದಕ್ಕೆ ‘ಟೈ’ ಎನ್ನಬೇಕು. ಮನೆ ಕಟ್ಟುವುದಕ್ಕೆ ‘ಬಿಲ್ಡ್’. ಹಕ್ಕಿ ಗೂಡು ಕಟ್ಟಿದರೂ ‘ಬಿಲ್ಡ್ ಎ ನೆಸ್ಟ್’. ಆದರೆ ರೇಷ್ಮೆ ಹುಳ ಗೂಡು ಕಟ್ಟಿದರೆ ಅದು ‘ಸ್ಪಿನ್ ಎ ಕಕೂನ್’, ಅಂದರೆ ನೂಲುತ್ತೆ. ಹುಳ ಮಾಡೋ ಕೆಲಸಕ್ಕೆ ಇಂಗ್ಲಿಷೇ ಹತ್ತಿರ ಅಂತ ನನಗೆ ಅನ್ನಿಸುತ್ತೆ. ಇನ್ನು ಕರೆಂಟ್ ಬಿಲ್ಲನ್ನು ‘ಟೈ ದ ಬಿಲ್’ ಎಂದು ಹಗ್ಗದಲ್ಲಿ ಕಟ್ಟಿಟ್ಟರೆ ಲೈನ್‌ಮನ್ ಬಂದು ಫ್ಯೂಸ್ ಕಿತ್ಕೊಂಡು ಹೋಗ್ತಾನೆ! ಅದಕ್ಕೆ ‘ಪೇ ದ ಬಿಲ್’. ಲೋನನ್ನೂ ‘ಲಿಫ್ಟ್’ ಮಾಡಬಾರದು, ಅದು ‘ಟೇಕ್ ಔಟ್ ಎ ಲೋನ್’. ತೀರಿಸಿದರೆ ‘ಪೇ ಬ್ಯಾಕ್ ದ ಲೋನ್’.

ಇಂಗ್ಲಿಷ್ ಹೀಗೆ ಯಾಕೆ ಹಠ ಮಾಡುತ್ತೆ ಅಂತ ಕೋಪ ಬರಬಹುದು. ಆದರೆ ನಮ್ಮ ಕನ್ನಡವೂ ಅದನ್ನೇ ಮಾಡುತ್ತೆ, ನಮಗೆ ಗೊತ್ತಾಗಲ್ಲ ಅಷ್ಟೆ. ‘ಹತ್ತು’ ನೋಡಿ. ಮರ ಹತ್ತು, ಬಸ್ ಹತ್ತು, ಆಟೋ ಹತ್ತು, ಮೆದೆಗೆ ಬೆಂಕಿ ಹತ್ತಿತು, ಮಗುವಿಗೆ ನಿದ್ದೆ ಹತ್ತಿತು. ನಿದ್ದೆ ಯಾವ ಏಣಿ ಹಾಕಿ ಹತ್ತಿತು? ಬೇರೆ ಭಾಷೆಯವರು ನಮ್ಮ ಕನ್ನಡ ಕಲಿಯಲು ಬಂದರೆ ಎಷ್ಟು ಪರದಾಡಬೇಕು! ಇಂಗ್ಲಿಷಿನಲ್ಲಿ ಇವು ಐದೂ ಬೇರೆ ಬೇರೆ. ‘ಕ್ಲೈಂಬ್ ಎ ಟ್ರೀ’, ‘ಗೆಟ್ ಆನ್ ದ ಬಸ್’, ‘ಗೆಟ್ ಇಂಟು ದ ಆಟೋ’, ‘ಕ್ಯಾಚ್ ಫೈರ್’, ‘ಫಾಲ್ ಅಸ್ಲೀಪ್’. ಬಸ್ಸಿಗೆ ‘ಆನ್’, ಆಟೋಗೆ ‘ಇಂಟು’ ಯಾಕೆ ಎಂದರೆ, ಬಸ್ಸು ರೈಲು ಹಡಗಿನಲ್ಲಿ ಎದ್ದು ನಿಂತು ಓಡಾಡಬಹುದು, ಕಾರು ಆಟೋದಲ್ಲಿ ಬಗ್ಗಿ ಒಳಗೆ ನುಗ್ಗಬೇಕು. ಆಟೋದಲ್ಲಿ ಹತ್ತು ಜನ ನೇತಾಡುತ್ತಾ ನಿಂತಿದ್ದರೂ ‘ಇಂಟು’ವೇ!

ಅಪರೂಪಕ್ಕೆ ಎರಡು ಭಾಷೆಯೂ ಒಂದೇ ದಾರಿಗೆ ಬರುತ್ತವೆ. ಬಸ್ ಹಿಡಿ ಎಂದರೆ ‘ಕ್ಯಾಚ್ ದ ಬಸ್’, ಸರಿಯಾಗಿ ಕೂತಿದೆ. ಆದರೆ ನೆಗಡಿ ವಿಷಯದಲ್ಲಿ ತಮಾಷೆ ಇದೆ. ನಮ್ಮಲ್ಲಿ ನೆಗಡಿ ಬಂದು ನಮ್ಮನ್ನು ಹಿಡಿಯುತ್ತೆ. ಇಂಗ್ಲಿಷಿನವರು ತಾವೇ ಹೋಗಿ ನೆಗಡಿಯನ್ನು ಹಿಡೀತಾರೆ, ‘ಐ ಕಾಟ್ ಎ ಕೋಲ್ಡ್’.

‘ಮಾಡು’ ಬಗ್ಗೆ ಬರೆಯಲು ಹೋದರೆ ಗೋಡೆ ಸಾಲಲ್ಲ. ಹೋಂವರ್ಕಿಗೆ ‘ಡು’, ತಪ್ಪಿಗೆ ‘ಮೇಕ್’, ಊಟಕ್ಕೆ ‘ಹ್ಯಾವ್’, ಸ್ನಾನಕ್ಕೆ ‘ಟೇಕ್’. ಹೊಸದಾಗಿ ಏನಾದರೂ ಹುಟ್ಟಿದರೆ ‘ಮೇಕ್’, ಬರೀ ಕೆಲಸ ಆದರೆ ‘ಡು’ ಎಂದು ಒಂದು ನಿಯಮ ಹೇಳ್ತಾರೆ. ಅದು ಎಲ್ಲಾ ಕಡೆ ನಡೆಯಲ್ಲ, ನಂಬಿ ಕೂರಬೇಡಿ.

ಇನ್ನು ಸಣ್ಣ ಪದಗಳು. ಮನೆಗೆ, ಮನೆಯಿಂದ, ಮನೆಯಲ್ಲಿ ಎಂದು ನಮ್ಮ ವಿಭಕ್ತಿ ಪ್ರತ್ಯಯಗಳು ಬಾಲದ ಹಾಗೆ ಹಿಂದೆ ಅಂಟಿಕೊಂಡಿರುತ್ತವೆ. ಇಂಗ್ಲಿಷಿನಲ್ಲಿ ಕೊಂಬಿನ ಹಾಗೆ ಮುಂದೆ ಇರುತ್ತವೆ. ಬಾಲ ತಂದು ಕೊಂಬಿನ ಜಾಗಕ್ಕೆ ಇಟ್ಟರೆ ಸಾಕು ಎಂದುಕೊಂಡರೆ ಆಗಲ್ಲ. ನಮ್ಮ ‘ಇಂದ’ ಒಂದೇ. ಕೊಳ್ಳೇಗಾಲದಿಂದ ಬಂದ ಎಂದರೆ ‘ಫ್ರಂ’. ಪೆನ್ನಿನಿಂದ ಬರೆದ ಎಂದರೆ ‘ವಿತ್’. ಎರಡು ದಿನದಿಂದ ಜ್ವರ ಎಂದರೆ ‘ಫಾರ್’, ಸೋಮವಾರದಿಂದ ಜ್ವರ ಎಂದರೆ ‘ಸಿನ್ಸ್’. ರೇಷ್ಮೆಯಿಂದ ಮಾಡಿದ ಸೀರೆ ‘ಮೇಡ್ ಆಫ್ ಸಿಲ್ಕ್’, ಹಾಲಿನಿಂದ ಮಾಡಿದ ಮೊಸರು ‘ಮೇಡ್ ಫ್ರಂ ಮಿಲ್ಕ್’. ಸೀರೆಯಲ್ಲಿ ರೇಷ್ಮೆ ಇನ್ನೂ ಕಣ್ಣಿಗೆ ಕಾಣುತ್ತೆ, ಮೊಸರಲ್ಲಿ ಹಾಲು ಹಾಲಾಗಿ ಉಳಿದಿಲ್ಲ, ಅದಕ್ಕೆ ಈ ವ್ಯತ್ಯಾಸ.

‘ಕೇಳು’ ಕೂಡ ಹೀಗೇ. ಟೀಚರನ್ನು ಕೇಳಿದರೆ ‘ಆಸ್ಕ್ ದ ಟೀಚರ್’, ನೀರು ಕೇಳಿದರೆ ‘ಆಸ್ಕ್ ಫಾರ್ ವಾಟರ್’, ರೇಡಿಯೋ ಕೇಳಿದರೆ ‘ಲಿಸನ್ ಟು ದ ರೇಡಿಯೋ’. ‘ಫಾರ್’ ಬಿಟ್ಟು ‘ಆಸ್ಕ್ ವಾಟರ್’ ಎಂದರೆ ನೀರನ್ನೇ ನಿಲ್ಲಿಸಿ ಪ್ರಶ್ನೆ ಕೇಳಿದಂತೆ.

ನೀರು ಅಂದ ಕೂಡಲೇ ನಮ್ಮ ಹೊಳೆ ನೆನಪಾಯಿತು. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಮಳೆಗಾಲದಲ್ಲಿ ‘ನೀರು ಬುಟ್ರಂತೆ’ ಎಂಬ ಮಾತು ಬಂದರೆ ನಮ್ಮೂರಲ್ಲಿ ಎಲ್ಲರೂ ಎದ್ದು ನಿಲ್ತಾರೆ. 2019ರ ಆಗಸ್ಟಿನಲ್ಲಿ ಕಬಿನಿ ಮತ್ತು ಕೆ.ಆರ್.ಎಸ್.ನಿಂದ ತುಂಬಾ ನೀರು ಬಿಟ್ಟಾಗ ಕಾವೇರಿ ಉಕ್ಕಿ ಕೊಳ್ಳೇಗಾಲ ತಾಲ್ಲೂಕಿನ ದಡದ ಊರುಗಳಿಗೆ ನುಗ್ಗಿತು. ಈ ‘ಬಿಡು’ಗೆ ಇಂಗ್ಲಿಷ್ ಯಾವುದು? ಪಟ್ಟಿ ಬಾಯಿಪಾಠ ಮಾಡಿದವರು ‘ಲೀವ್’ ಅನ್ನುತ್ತಾರೆ. ‘ದೇ ಲೆಫ್ಟ್ ದ ವಾಟರ್’ ಎಂದರೆ ನೀರನ್ನು ಇದ್ದಲ್ಲೇ ಬಿಟ್ಟು ಎದ್ದು ಹೋದರು ಎಂದಾಗುತ್ತೆ. ಪೂರ್ತಿ ಉಲ್ಟಾ! ಸರಿಯಾದದ್ದು ‘ದೇ ರಿಲೀಸ್ಡ್ ವಾಟರ್ ಫ್ರಂ ದ ಡ್ಯಾಮ್ ಇಂಟು ದ ರಿವರ್’. ‘ರಿಲೀಸ್’ ಬಂದರೆ ಹಿಂದೆಯೇ ಏನನ್ನು ಎಂದು ಬರುತ್ತೆ, ಆಮೇಲೆ ‘ಫ್ರಂ’ ಹಿಡಿದು ಎಲ್ಲಿಂದ, ‘ಇಂಟು’ ಹಿಡಿದು ಎಲ್ಲಿಗೆ. ಇಂಗ್ಲಿಷ್ ಪೇಪರಿನಲ್ಲಿ ಈ ಸುದ್ದಿ ಕಂಡರೆ ‘ಫ್ರಂ’ ಆದ ಮೇಲಿನ ಹೆಸರು ಮೊದಲು ಓದಿ. ಕಬಿನಿ ಎಂದಿದ್ದರೂ ಸುಮ್ಮನಿರಬೇಡಿ, ಆ ನೀರು ತಿ. ನರಸೀಪುರದಲ್ಲಿ ಕಾವೇರಿಗೆ ಸೇರಿ ನಮ್ಮ ಕಡೆಗೇ ಬರೋದು. ‘ಬರ್ಸ್ಟ್ ಇಟ್ಸ್ ಬ್ಯಾಂಕ್ಸ್’ ಎಂದಿದ್ದರೆ ದುಡ್ಡಿನ ಬ್ಯಾಂಕ್ ಒಡೆದಿಲ್ಲ, ಹೊಳೆ ದಡ ಮೀರಿದೆ. ‘ಮೂವ್ ಟು ಸೇಫರ್ ಪ್ಲೇಸಸ್’ ಎಂದಿದ್ದರೆ ಗಂಟುಮೂಟೆ ಕಟ್ಟಿ ಎತ್ತರದ ಜಾಗಕ್ಕೆ ಹೊರಡಿ ಅಂತ.

ಹೀಗೆ ಜೊತೆಯಾಗಿ ಬರುವ ಪದಗಳಿಗೆ ಇಂಗ್ಲಿಷಿನಲ್ಲಿ ‘ಕೊಲೊಕೇಶನ್’ ಎಂದು ಹೆಸರು. ಇವನ್ನು ಕೂಡಿಸಿ ಪಟ್ಟಿ ಮಾಡುವ ದೊಡ್ಡ ಕೆಲಸ ನಡೆದದ್ದು ಜಪಾನಿನಲ್ಲಿ ಎಂದರೆ ಆಶ್ಚರ್ಯ ಅಲ್ವಾ! ಹೆರಾಲ್ಡ್ ಪಾಮರ್ ಎಂಬ ಇಂಗ್ಲಿಷಿನವರು 1922ರಲ್ಲಿ ಅಲ್ಲಿಗೆ ಹೋಗಿ, 1933ರಲ್ಲಿ ಟೋಕಿಯೋದಲ್ಲಿ ಇಂಥ ಪದಜೋಡಿಗಳ ಒಂದು ವರದಿಯನ್ನೇ ಪ್ರಕಟಿಸಿದರು. ಅವರ ಜೊತೆ ಕೆಲಸ ಮಾಡಿದ ಎ.ಎಸ್. ಹಾರ್ನ್‌ಬಿ ಎಂಬ ಮೇಷ್ಟ್ರು, ಯಾವ ಕ್ರಿಯಾಪದದ ಮುಂದೆ ಏನು ಬರುತ್ತೆ ಎಂದು ತೋರಿಸುವ ನಿಘಂಟನ್ನು ಇನ್ನಿಬ್ಬರ ಜೊತೆ ಸೇರಿ ಮಾಡಿದರು. ಅದು 1942ರಲ್ಲಿ ಟೋಕಿಯೋದಲ್ಲೇ ಅಚ್ಚಾಯಿತು. ಅದೇ ಮುಂದೆ ಆಕ್ಸ್‌ಫರ್ಡಿನವರ ದಪ್ಪ ಡಿಕ್ಷನರಿ ಆಗಿದೆ. ಜಪಾನಿನ ಮಕ್ಕಳಿಗೂ ನಮ್ಮ ಹಾಗೇ ಕಷ್ಟ ಆಗಿತ್ತು ಎಂದಾಯಿತು. ನಮ್ಮ ಕನ್ನಡಕ್ಕೆ ಮಂಗಳೂರಿನಲ್ಲಿ 1894ರಲ್ಲಿ ನಿಘಂಟು ತಂದ ಕಿಟ್ಟೆಲ್ ಅವರೂ ಜರ್ಮನಿಯಿಂದ ಬಂದವರು. ಅವರು ಬರೀ ಅರ್ಥ ಕೊಟ್ಟು ಬಿಡಲಿಲ್ಲ, ಗಾದೆಗಳನ್ನೂ ಸೇರಿಸಿದರು.

ಆದ್ದರಿಂದ ನೋಟ್‌ಬುಕ್ಕಿನಲ್ಲಿ ‘ವೇಟ್ ಅಂದರೆ ಕಾಯು’ ಎಂದು ಬರೆಯಬೇಡಿ. ‘ವೇಟ್ ಫಾರ್ ದ ಬಸ್’ ಎಂದು ಪೂರ್ತಿ ಬರೆಯಿರಿ. ಸ್ವಲ್ಪ ಹೆಚ್ಚು ಬರೆದಿರಿ, ಆದರೆ ಬಸ್ ಸ್ಟ್ಯಾಂಡಿನಲ್ಲಿ ಹಾಗೇ ಎತ್ತಿ ಆಡಬಹುದು.

ಈಗ ನಿಮ್ಮ ಸರದಿ. ‘ಹೊಡಿ’ ಎಂಬ ನಮ್ಮ ಪದ ಕೆಳಗೆ ಐದು ಕಡೆ ಇದೆ. ಒಂದೇ ಒಂದು ಕಡೆ ಮಾತ್ರ ‘ಹಿಟ್’ ಬರುತ್ತೆ, ಯಾವುದು ಹೇಳಿ.

ಗಂಟೆ ಹೊಡಿ. ಈಜು ಹೊಡಿ. ಕಣ್ಣು ಹೊಡಿ. ಸಿಕ್ಸರ್ ಹೊಡಿ. ಗೋಡೆಗೆ ಸುಣ್ಣ ಹೊಡಿ.

(ಉತ್ತರ, ತಲೆ ಬಗ್ಗಿಸಿ ಓದಿ: ರಿಂಗ್ ದ ಬೆಲ್, ಸ್ವಿಮ್, ವಿಂಕ್ ಅಟ್ ಸಮ್‌ವನ್, ಹಿಟ್ ಎ ಸಿಕ್ಸ್, ವೈಟ್‌ವಾಶ್ ದ ವಾಲ್)

– 7ನೇ ತರಗತಿ