64 ಎಂದರು, 38 ಕೊಟ್ಟರು

ಪ್ರಶ್ನೆ: ನಮ್ಮ ಚಿಕ್ಕಪ್ಪ 1983ರಲ್ಲಿ ಅಮೆರಿಕದಲ್ಲಿದ್ದಾಗ ಕೊಂಡ ಕಮೊಡೋರ್ 64 ಕಂಪ್ಯೂಟರ್ ಅಟ್ಟದ ಮೇಲೆ ಸಿಕ್ಕಿತು. 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿಸಿ ಆನ್ ಮಾಡಿದೆವು. ನೀಲಿ ಪರದೆಯ ಮೇಲೆ 64ಕೆ ಎಂದು ತೋರಿಸಿ, ಪಕ್ಕದಲ್ಲೇ 38911 ಬೈಟು ಮಾತ್ರ ಖಾಲಿ ಇದೆ ಎನ್ನುತ್ತದೆ. ಉಳಿದದ್ದು ಎಲ್ಲಿ ಹೋಯಿತು? ಟೈಮೆಕ್ಸ್ ಕಂಪನಿಯ ಪುಟ್ಟ ಕಂಪ್ಯೂಟರ್ ಕೊಟ್ಟಿದ್ದಕ್ಕೆ ಕಮೊಡೋರ್‌ನವರು ನೂರು ಡಾಲರ್ ವಾಪಸು ಕೊಟ್ಟರೆಂದು ಚಿಕ್ಕಪ್ಪ ಹೇಳುತ್ತಿದ್ದರು. ಎದುರಾಳಿಯ ಮಾಲಿಗೆ ಯಾರಾದರೂ ಹಾಗೆ ದುಡ್ಡು ಕೊಡುತ್ತಾರೆಯೇ? ಚಿಕ್ಕಪ್ಪ ಮೋಸಹೋದರೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಚಿಕ್ಕಪ್ಪ ಹೇಳಿದ್ದು ನಿಜ. ಪರದೆ ಹೇಳುತ್ತಿರುವುದೂ ನಿಜ. 64ಕೆ ಎಂಬ ಜಾಹೀರಾತು ಕೂಡ ಸುಳ್ಳಲ್ಲ. ಇಷ್ಟೆಲ್ಲ ನಿಜ ಹೇಳಿಯೂ ಕೊಳ್ಳುವವರಿಗೆ ತಿಳಿಯಬೇಕಾದ್ದು ತಿಳಿಯದ ಹಾಗೆ ನೋಡಿಕೊಂಡದ್ದೇ ಆಗಿನ ಮನೆ ಕಂಪ್ಯೂಟರ್ ವ್ಯಾಪಾರದ ಜಾಣತನ.

ಮೊದಲು ಲೆಕ್ಕ ನೋಡೋಣ. ಒಂದು ಕೆ ಎಂದರೆ 1024 ಬೈಟು. 64ಕೆ ಎಂದರೆ 65,536. ಅಷ್ಟು ಮೆಮೊರಿಯ ಚಿಪ್‌ಗಳು ನಿಮ್ಮ ಯಂತ್ರದೊಳಗಿವೆ, ಒಂದು ಬೈಟೂ ಕಡಿಮೆಯಿಲ್ಲ. ಆದರೆ ಅದರ 6510 ಪ್ರೊಸೆಸರ್‌ಗೆ ಒಮ್ಮೆಗೆ ಕಾಣುವ ವಿಳಾಸಗಳೂ ಒಟ್ಟು 65,536 ಮಾತ್ರ. ಪ್ರೋಗ್ರಾಂ ಬರೆಯುವ ಬೇಸಿಕ್ ಭಾಷೆಗೆ 8ಕೆ ಬೇಕು. ಕೀಬೋರ್ಡು, ಪರದೆ, ಟೇಪು ನೋಡಿಕೊಳ್ಳುವ ಮೂಲ ತಂತ್ರಾಂಶಕ್ಕೆ ಇನ್ನೊಂದು 8ಕೆ. ಚಿತ್ರ ಮತ್ತು ಧ್ವನಿಯ ಚಿಪ್‌ಗಳೊಡನೆ ಮಾತಾಡಲು 4ಕೆ. ಇವು ಬೇರೆ ಚಿಪ್‌ಗಳಲ್ಲಿದ್ದರೂ ವಿಳಾಸ ಮಾತ್ರ ಮೆಮೊರಿಯದ್ದೇ. ಹೀಗಾಗಿ ಯಂತ್ರ ಆನ್ ಆದ ಕೂಡಲೇ ಅಡಿಯಲ್ಲಿರುವ 20ಕೆ ಮುಚ್ಚಿಹೋಗುತ್ತದೆ. ಯಂತ್ರದ ಸ್ವಂತ ಲೆಕ್ಕಪತ್ರಕ್ಕೆ 1ಕೆ, ಪರದೆಯ ಅಕ್ಷರಗಳಿಗೆ 1ಕೆ ಹೋಯಿತು. ಮತ್ತೊಂದು 4ಕೆ ತುಂಡು ಖಾಲಿಯೇ ಇದೆ, ಆದರೆ ಬೇಸಿಕ್‌ನ ಗೋಡೆಯಾಚೆ ಇರುವುದರಿಂದ ಬೇಸಿಕ್ ಪ್ರೋಗ್ರಾಂ ಅಲ್ಲಿ ಕೂರುವುದಿಲ್ಲ. ಕಳೆದು ನೋಡಿ, 38ಕೆ ಉಳಿಯುತ್ತದೆ. 38ಕೆ ಎಂದರೆ 38,912 ಬೈಟು. ಪ್ರೋಗ್ರಾಂ ಶುರುವಾಗುವ ಕಡೆ ಗುರುತಿಗಾಗಿ ಒಂದು ಸೊನ್ನೆ ಇಡಬೇಕು, ಆ ಒಂದು ಬೈಟು ಬಿಟ್ಟರೆ ನಿಮ್ಮ ಪರದೆಯ ಮೇಲಿನ 38,911.

ಮೆಷಿನ್ ಕೋಡ್ ಬಲ್ಲವನು ಬೇಸಿಕ್ಕನ್ನು ಸರಿಸಿ ಆ ಮುಚ್ಚಿದ ಜಾಗವನ್ನೂ ಬಳಸಬಲ್ಲ. ಆಟಗಳನ್ನು ಬರೆದವರು ಬಳಸಿದರು ಕೂಡ. ಆದ್ದರಿಂದ 64 ಎಂದದ್ದು ಸುಳ್ಳಲ್ಲ. ಆದರೆ ಮನೆಗೆ ಕಂಪ್ಯೂಟರ್ ಒಯ್ದು ಮೊದಲ ಸಲ ಬೇಸಿಕ್ ಕಲಿಯುವವನಿಗೆ ಸಿಗುವುದು 38. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಬ್ರೋಷರಿನಲ್ಲಿ ಸೂಪರ್ ಬಿಲ್ಟ್‌ಅಪ್ ಲೆಕ್ಕ, ಒಳಗೆ ಮಂಚ ಹಾಕಲು ಹೋದಾಗ ಕಾರ್ಪೆಟ್ ಏರಿಯಾ.

ಕಮೊಡೋರ್ ಕನಿಷ್ಠ ಆ ಸಂಖ್ಯೆಯನ್ನು ಪರದೆಯ ಮೇಲೆ ತಾನೇ ಬರೆದು ತೋರಿಸಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-99/4ಎ ನೋಡಿ. ಬೇರೆಯವರದ್ದು 8 ಬಿಟ್, ನಮ್ಮದು 16 ಬಿಟ್ ಎಂಬುದೇ ಅದರ ಹೆಗ್ಗಳಿಕೆ. ಪ್ರೊಸೆಸರ್ 16 ಬಿಟ್ಟಿನದ್ದೇ ಹೌದು. ಆದರೆ ಅದು ನೇರವಾಗಿ ಮುಟ್ಟಬಲ್ಲ ಮೆಮೊರಿ ಬರೀ 256 ಬೈಟು! ಉಳಿದ 16ಕೆ ಇದ್ದದ್ದು ಚಿತ್ರದ ಚಿಪ್‌ನ ಹಿಂದೆ. ಒಂದೊಂದು ಬೈಟನ್ನೂ ಆ ಚಿಪ್‌ನ ಮೂಲಕವೇ ಕೇಳಿ ತರಿಸಿಕೊಳ್ಳಬೇಕು. ಸಾಲದ್ದಕ್ಕೆ ಅದರ ಬೇಸಿಕ್ ಎರಡೆರಡು ಸಲ ಅನುವಾದಗೊಂಡು ಓಡುತ್ತಿತ್ತು. ಹಾಗಾಗಿ ಬೇಸಿಕ್ ಬರೆಯುವವರ ಪಾಲಿಗೆ ಈ 16 ಬಿಟ್ ಯಂತ್ರ 8 ಬಿಟ್ ಯಂತ್ರಗಳಿಗಿಂತ ನಿಧಾನ. ಅಂಗಡಿಯಲ್ಲಿ ಬಣ್ಣದ ಡೆಮೊ ಕಾರ್ಟ್ರಿಜ್ ಓಡುತ್ತಿರುವಾಗ ಇದು ಯಾರಿಗೆ ಗೊತ್ತಾಗಬೇಕು?

ಈಗ ನಿಮ್ಮ ಎರಡನೆಯ ಪ್ರಶ್ನೆ. ಇದರ ಹಿಂದೆ ದೊಡ್ಡ ಜಿದ್ದಿದೆ.

ಕಮೊಡೋರ್‌ನ ಯಜಮಾನ ಜಾಕ್ ಟ್ರಾಮಿಯೆಲ್ 1970ರ ದಶಕದಲ್ಲಿ ಕ್ಯಾಲ್ಕ್ಯುಲೇಟರ್ ಮಾರುತ್ತಿದ್ದರು. ಅದಕ್ಕೆ ಬೇಕಾದ ಚಿಪ್‌ಗಳು ಬರುತ್ತಿದ್ದದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಿಂದ. ಆ ಕಂಪನಿ 1975ರ ಹೊತ್ತಿಗೆ ತಾನೇ ಕ್ಯಾಲ್ಕ್ಯುಲೇಟರ್ ಮಾಡಿ, ಟ್ರಾಮಿಯೆಲ್ ಬಿಡಿಭಾಗಗಳಿಗೆ ಕೊಡುತ್ತಿದ್ದುದಕ್ಕಿಂತ ಕಡಿಮೆ ಬೆಲೆಗೆ ಮಾರತೊಡಗಿತು. ಕಮೊಡೋರ್ ಮುಳುಗುವುದರಲ್ಲಿತ್ತು. ಆ ಪೆಟ್ಟು ಟ್ರಾಮಿಯೆಲ್ ಮರೆಯಲಿಲ್ಲ. 1976ರಲ್ಲಿ ಎಂಒಎಸ್ ಟೆಕ್ನಾಲಜಿ ಎಂಬ ಚಿಪ್ ಕಾರ್ಖಾನೆಯನ್ನೇ ಕೊಂಡರು. ಚಿಪ್‌ಗಾಗಿ ಇನ್ನೊಬ್ಬರ ಬಾಗಿಲಿಗೆ ಹೋಗುವುದು ತಪ್ಪಿತು. 1982ರ ಆಗಸ್ಟಿನಲ್ಲಿ ಕಮೊಡೋರ್ 64 ಅಂಗಡಿಗೆ ಬಂದಾಗ ಬೆಲೆ 595 ಡಾಲರ್. ತಯಾರಿಕೆಗೆ ತಗಲುತ್ತಿದ್ದದ್ದು ಸುಮಾರು 135 ಡಾಲರ್. ಬೆಲೆ ಇಳಿಸಲು ಎಷ್ಟು ಜಾಗ ಇತ್ತು ಎಂದು ನೀವೇ ಊಹಿಸಿ.

1982ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಯಂತ್ರ ಕೊಂಡವರಿಗೆ ನೂರು ಡಾಲರ್ ವಾಪಸು ಕೊಡತೊಡಗಿತು. ನಟ ಬಿಲ್ ಕಾಸ್ಬಿ ಅದರ ಜಾಹೀರಾತಿನಲ್ಲಿದ್ದರು. ಕಮೊಡೋರ್ ತನ್ನ ವಿಕ್-20 ಎಂಬ ಇನ್ನೊಂದು ಕಂಪ್ಯೂಟರಿನ ಬೆಲೆ ಇಳಿಸಿ ಉತ್ತರ ಕೊಟ್ಟಿತು. 1983ರ ಜನವರಿಯಲ್ಲಿ ಬಂದದ್ದು ನಿಮ್ಮ ಚಿಕ್ಕಪ್ಪ ಹೇಳುತ್ತಿದ್ದ ಯೋಜನೆ: ಯಾವುದೇ ಕಂಪನಿಯ ಕಂಪ್ಯೂಟರ್ ಅಥವಾ ವಿಡಿಯೊ ಗೇಮ್ ಯಂತ್ರ ಕೊಟ್ಟು ಕಮೊಡೋರ್ 64 ಕೊಂಡರೆ ನೂರು ಡಾಲರ್ ವಾಪಸು. ಆ ಹೊತ್ತಿಗೆ ಟೈಮೆಕ್ಸ್ ಸಿಂಕ್ಲೇರ್ 1000 ಎಂಬ ಪುಟ್ಟ ಯಂತ್ರ ಐವತ್ತು ಡಾಲರಿನ ಆಸುಪಾಸಿಗೆ ಇಳಿದಿತ್ತು. ಜನ ಅದನ್ನು ಕೊಂಡು, ನೇರವಾಗಿ ಕಮೊಡೋರ್‌ಗೆ ಕೊಟ್ಟು ನೂರು ಪಡೆದರು. ಕಮೊಡೋರ್‌ಗೆ ಆ ಯಂತ್ರಗಳು ಬೇಕಿರಲಿಲ್ಲ. ಎದುರಾಳಿಯ ಗಿರಾಕಿಯನ್ನು ಕಿತ್ತುಕೊಳ್ಳಲು ನೂರು ಡಾಲರ್ ಹೆಚ್ಚಲ್ಲ ಎಂಬುದು ಅದರ ಲೆಕ್ಕ. ನಿಮ್ಮ ಚಿಕ್ಕಪ್ಪನೂ ಹೀಗೇ ಮಾಡಿದ್ದರೆ ಈ ವಿಷಯದಲ್ಲಿ ಗೆದ್ದವರು ಅವರೇ.

ಆ ವರ್ಷದ ಮಧ್ಯದಲ್ಲಿ ಕಮೊಡೋರ್ 64 ಇನ್ನೂರು ಡಾಲರಿಗೆ ಇಳಿಯಿತು. 525 ಡಾಲರಿಗೆ ಬಂದಿದ್ದ ಟಿಐ ಯಂತ್ರ 99ಕ್ಕೆ ಬಿತ್ತು. 1983ರ ಅಕ್ಟೋಬರ್ 28ರಂದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮನೆ ಕಂಪ್ಯೂಟರ್ ವ್ಯಾಪಾರವನ್ನೇ ಬಿಟ್ಟಿತು. ಉಳಿದ ಮಾಲು 49 ಡಾಲರಿಗೂ ಹೋಯಿತು. ಬೆಂಗಳೂರಿನವರಿಗೆ ಈ ಕಂಪನಿಯ ಪರಿಚಯ ಬೇಕಿಲ್ಲ. ಇದಾಗಿ ಎರಡು ವರ್ಷಕ್ಕೆ, 1985ರಲ್ಲಿ, ನಮ್ಮೂರಿಗೆ ಬಂದು ಚಿಪ್ ವಿನ್ಯಾಸ ಕೇಂದ್ರ ತೆರೆದದ್ದು ಇದೇ ಟಿಐ.

ಈ ಜಗಳದಲ್ಲಿ ನನಗೆ ಹೆಚ್ಚು ನೋವಾಗುವುದು ಸಣ್ಣ ಡೀಲರುಗಳನ್ನು ನೆನೆದಾಗ. ಎಲ್ಲ ದೋಷವನ್ನೂ ಅಂಗಡಿಯವನ ತಲೆಗೆ ಕಟ್ಟುವುದು ಅನ್ಯಾಯ. ಕಮೊಡೋರ್ 64 ಮೊದಲು ಬಂದದ್ದು ಕಂಪ್ಯೂಟರ್ ಅಂಗಡಿಗಳಿಗೆ. ಆ ಡೀಲರು ಗಿರಾಕಿಯನ್ನು ಕೂರಿಸಿಕೊಂಡು ಕೇಬಲ್ ಜೋಡಿಸುವುದರಿಂದ ಹಿಡಿದು ತೋರಿಸಿಕೊಡುತ್ತಿದ್ದ. ಕೆಲವೇ ತಿಂಗಳಲ್ಲಿ ಕಂಪನಿ ಅದೇ ಯಂತ್ರವನ್ನು ಕೆಮಾರ್ಟ್‌ನಂಥ ದೊಡ್ಡ ಮಳಿಗೆಗಳಿಗೂ ಕೊಟ್ಟಿತು. ಡೀಲರು ತಾನು ಕೊಂಡ ಬೆಲೆಗೂ ಮಾರಲಾಗದ ಸ್ಥಿತಿ ಬಂತು. ದೊಡ್ಡ ಮಳಿಗೆಯಲ್ಲಿ ಬೆಲೆ ಕಡಿಮೆ ನಿಜ, ಆದರೆ ಟೋಸ್ಟರ್ ಮಾರುವವನೇ ಕಂಪ್ಯೂಟರನ್ನೂ ಮಾರುತ್ತಿದ್ದ. ಕೊಂಡವನು ಕೇಳುವ ಪ್ರಶ್ನೆಗೆ ಅಲ್ಲಿ ಉತ್ತರ ಇರಲಿಲ್ಲ.

ಉತ್ತರ ಬೇಕಿದ್ದ ಪ್ರಶ್ನೆಯೋ ಬಹಳ ಸರಳ: ಈ ಬೆಲೆಗೆ ಏನೇನು ಬರುತ್ತದೆ? ಪೆಟ್ಟಿಗೆಯಲ್ಲಿ ಇದ್ದದ್ದು ಕೀಬೋರ್ಡಿನ ರೂಪದ ಯಂತ್ರ, ಅಡಾಪ್ಟರ್, ಟಿವಿಗೆ ಜೋಡಿಸುವ ತಂತಿ, ಪುಸ್ತಕ. ಬರೆದದ್ದನ್ನು ಉಳಿಸಿಕೊಳ್ಳುವ ಸಾಧನ ಅದರಲ್ಲಿ ಇರಲೇ ಇಲ್ಲ. ಇಡೀ ಸಂಜೆ ಕೂತು ಟೈಪ್ ಮಾಡಿದ್ದು ಸ್ವಿಚ್ ಆರಿಸಿದೊಡನೆ ಅಳಿಸಿಹೋಗುತ್ತಿತ್ತು. ಟೇಪ್ ರೆಕಾರ್ಡರ್ ಬೇರೆ ಕೊಳ್ಳಬೇಕು. ನಿಮ್ಮ 38ಕೆ ತುಂಬಲು ಅದು ಹತ್ತು ನಿಮಿಷ ಮೀರಿ ತೆಗೆದುಕೊಳ್ಳುತ್ತದೆ. ಫ್ಲಾಪಿಯ 1541 ಡ್ರೈವ್ ಬಂದಾಗ ಅದರ ಬೆಲೆ 399 ಡಾಲರ್, ಕಂಪ್ಯೂಟರ್ ಇಳಿದ ಬೆಲೆಯ ಎರಡು ಪಟ್ಟು! ಮುದ್ರಿಸಬೇಕೆಂದರೆ ಪ್ರಿಂಟರ್. ಜಾಹೀರಾತು ಕೂಗಿ ಹೇಳಿದ ಬೆಲೆ ಗಾಳಕ್ಕೆ ಸಿಕ್ಕಿಸಿದ ಎರೆಹುಳು, ನಿಜವಾದ ಬಿಲ್ಲು ಮನೆಗೆ ಹೋದ ಮೇಲೆ ಬರುತ್ತಿತ್ತು.

ಅದಕ್ಕಿಂತಲೂ ನನಗೆ ಸಿಟ್ಟು ತರಿಸುವುದು ತಂದೆತಾಯಿಯರ ಎದೆಗೆ ಗುರಿಯಿಟ್ಟ ಜಾಹೀರಾತು. ಕಮೊಡೋರ್‌ನ ಒಂದು ಟಿವಿ ಜಾಹೀರಾತಿನಲ್ಲಿ ಹುಡುಗನೊಬ್ಬ ಮನೆಮಂದಿಯ ಹಾರೈಕೆ ಹೊತ್ತು ರೈಲು ಹತ್ತಿ ಕಾಲೇಜಿಗೆ ಹೋಗುತ್ತಾನೆ, ಸ್ವಲ್ಪ ದಿನಕ್ಕೇ ಅದೇ ನಿಲ್ದಾಣಕ್ಕೆ ಸೋತ ಮುಖ ಹೊತ್ತು ವಾಪಸು ಬರುತ್ತಾನೆ. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ಅದಕ್ಕೇ ಹೀಗಾಯಿತು ಎಂಬ ಅರ್ಥ. ಮಗುವಿನ ಓದಿನ ವಿಷಯಕ್ಕೆ ಯಾವ ಅಪ್ಪ ಅಮ್ಮ ಹಿಂದೆಮುಂದೆ ನೋಡುತ್ತಾರೆ? ಈ ಭಯವನ್ನು ಕಾಸು ಮಾಡಿಕೊಂಡದ್ದು ಮೆಮೊರಿಯ ಲೆಕ್ಕಕ್ಕಿಂತ ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ ಕಥೆ ಬೇರೆಯೇನಿರಲಿಲ್ಲ. 1981ರಲ್ಲಿ ಬಂದ ಸಿಂಕ್ಲೇರ್ ಝಡ್‌ಎಕ್ಸ್81ಗೆ 69.95 ಪೌಂಡ್, ಮೆಮೊರಿ 1ಕೆ. ಪರದೆ ಪೂರ್ತಿ ತುಂಬಿದರೆ ಅದಕ್ಕೇ 793 ಬೈಟು ಖರ್ಚು, ಯಂತ್ರದ ಲೆಕ್ಕಪತ್ರಕ್ಕೆ 125. ಪ್ರೋಗ್ರಾಂಗೆ ಉಳಿಯುವುದು ನೂರು ಚಿಲ್ಲರೆ. ಪೋಸ್ಟಿನಲ್ಲಿ ಹಣ ಕಳಿಸಿದವರಿಗೆ 28 ದಿನದಲ್ಲಿ ಮಾಲು ಎಂದು ಸಿಂಕ್ಲೇರ್ ಹೇಳುತ್ತಿತ್ತು. 1984ರ ಜನವರಿ 12ರಂದು ಅದು ಕ್ಯುಎಲ್ ಎಂಬ ಯಂತ್ರವನ್ನು ಘೋಷಿಸಿ ಆರ್ಡರ್ ತೆಗೆದುಕೊಂಡಾಗ ಯಂತ್ರವೇ ಸಿದ್ಧವಿರಲಿಲ್ಲ. ಏಪ್ರಿಲ್ ಕೊನೆಗೆ ಬಂದ ಮೊದಲ ಯಂತ್ರಗಳಲ್ಲಿ ಒಳಗೆ ಹಿಡಿಸದ ತಂತ್ರಾಂಶದ ಚಿಪ್ ಹಿಂಬದಿಯಲ್ಲಿ ಹೊರಗೇ ಚಾಚಿಕೊಂಡಿತ್ತು.

ಸಿಂಕ್ಲೇರ್‌ನ ಎದುರಾಳಿ ಏಕಾರ್ನ್. ಅದನ್ನು ಹುಟ್ಟುಹಾಕಿದವರಲ್ಲೊಬ್ಬರಾದ ಕ್ರಿಸ್ ಕರಿ ಹಿಂದೆ ಸಿಂಕ್ಲೇರ್ ಕಂಪನಿಯ ಯಜಮಾನ ಕ್ಲೈವ್ ಸಿಂಕ್ಲೇರ್ ಬಳಿಯೇ ಕೆಲಸಕ್ಕಿದ್ದವರು. 1984ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ವ್ಯಾಪಾರದ ಹೊತ್ತಿಗೇ, ಸಿಂಕ್ಲೇರ್ ಕಂಪನಿಯ ಸ್ಪೆಕ್ಟ್ರಮ್ ಕಂಪ್ಯೂಟರ್ ಕೆಟ್ಟು ವಾಪಸು ಬರುತ್ತದೆ ಎಂಬ ಅರ್ಥದ ಜಾಹೀರಾತನ್ನು ಏಕಾರ್ನ್ ಪತ್ರಿಕೆಗಳಲ್ಲಿ ಹಾಕಿತು. ಕ್ಲೈವ್ ಸಿಂಕ್ಲೇರ್ ಕೇಂಬ್ರಿಜ್‌ನ ಬ್ಯಾರನ್ ಆಫ್ ಬೀಫ್ ಎಂಬ ಪಬ್ಬಿನಲ್ಲಿ ಕರಿಯನ್ನು ಹಿಡಿದು, ಸುರುಳಿ ಸುತ್ತಿದ ಪತ್ರಿಕೆಯಿಂದ ಹೊಡೆದರು. ಈ ಪ್ರಸಂಗ 2009ರಲ್ಲಿ ಬಿಬಿಸಿಯ ‘ಮೈಕ್ರೋ ಮೆನ್’ ಎಂಬ ಚಿತ್ರದಲ್ಲೂ ಬಂತು.

ಕಾನೂನು ಏನೂ ಮಾಡಲಿಲ್ಲವೇ ಎಂದು ನೀವು ಕೇಳಬಹುದು. ಮಾಡಿದ್ದುಂಟು. ಅಮೆರಿಕದಲ್ಲಿ ಮ್ಯಾಟೆಲ್ ಕಂಪನಿ ತನ್ನ ಇಂಟೆಲಿವಿಷನ್ ಗೇಮ್ ಯಂತ್ರಕ್ಕೆ ಕೀಬೋರ್ಡು ಬರುತ್ತದೆ, ಆಗ ಅದು ಕಂಪ್ಯೂಟರೇ ಆಗುತ್ತದೆ ಎಂದು ವರ್ಷಗಟ್ಟಲೆ ಹೇಳಿ ಮಾರಿತು. ಕೀಬೋರ್ಡು ಸರಿಯಾಗಿ ಬರಲೇ ಇಲ್ಲ. ಗಿರಾಕಿಗಳು ದೂರು ಕೊಟ್ಟರು. 1982ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಕೊಟ್ಟ ಮಾತು ಉಳಿಸಿಕೊಳ್ಳುವವರೆಗೆ ತಿಂಗಳು ತಿಂಗಳೂ ದಂಡ ಕಟ್ಟಿಸಿತು. ದೂರು ಬರೆದ ಆ ಸಾಮಾನ್ಯ ಗಿರಾಕಿಗಳಿಗೆ ಈ ಶ್ರೇಯಸ್ಸು ಸಲ್ಲಬೇಕು.

ಇನ್ನು ಚಿಕ್ಕಪ್ಪನವರ ವಿಷಯ. ಅವರು ಮೋಸಹೋಗಲಿಲ್ಲ. 16 ಬಣ್ಣ, ಮೂರು ಸ್ವರದ ಧ್ವನಿ ಚಿಪ್, ಒಳ್ಳೆಯ ಕೀಬೋರ್ಡು ಇದ್ದ ಯಂತ್ರ ಆ ಬೆಲೆಗೆ ಬೇರೆ ಇರಲಿಲ್ಲ. ಒಂದು ಕೋಟಿಗೂ ಹೆಚ್ಚು ಜನ ಕೊಂಡರು. ಅವರಿಗೆ ಅರ್ಧ ವಿಷಯ ಮಾತ್ರ ಹೇಳಿದ್ದರು, ಉಳಿದರ್ಧವನ್ನು ನೀಲಿ ಪರದೆ ಹೇಳಿತು.

ನಿಮಗೊಂದು ಮಾತು. ಈಗಿರುವ ಅಡಾಪ್ಟರ್ ಹಾಕಿ ಆ ಯಂತ್ರವನ್ನು ಇನ್ನೊಮ್ಮೆ ಆನ್ ಮಾಡಬೇಡಿ. ಕಮೊಡೋರ್ 64ರ ಹಳೆಯ ಅಡಾಪ್ಟರ್ ಕೆಟ್ಟರೆ 5 ವೋಲ್ಟ್ ಬರಬೇಕಾದ ಕಡೆ ಹೆಚ್ಚು ಬಂದು ಮೆಮೊರಿ ಚಿಪ್‌ಗಳನ್ನು ಸುಟ್ಟುಬಿಡುತ್ತದೆ. ಒಂದು ಸಲ ಸರಿಯಾಗಿ ಓಡಿತೆಂದು ನಂಬಬೇಡಿ. ಗೊತ್ತಿರುವ ಎಲೆಕ್ಟ್ರಾನಿಕ್ಸ್ ರಿಪೇರಿಯವರಿಂದ ಹೊಸ ಪವರ್ ಸಪ್ಲೈ ಮಾಡಿಸಿಕೊಳ್ಳಿ, ಆಮೇಲೆ ಹಚ್ಚಿ.