ಜೋಳಿಗೆಯೂ ಶಾಲೆಯೂ

ಕೃಷ್ಣಾ ನದಿಯ ಉತ್ತರಕ್ಕೆ ಮುದ್ದೇಬಿಹಾಳ, ದಕ್ಷಿಣಕ್ಕೆ ಇಳಕಲ್ಲು. ಇಳಕಲ್ಲಿನ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ಸಂಚರಿಸತೊಡಗಿದರು. ಅವರು ಬೇಡಿದ್ದು ಕಾಳನ್ನಲ್ಲ, ಹಣವನ್ನಲ್ಲ, ಜನರ ದುಶ್ಚಟಗಳನ್ನು. ಅನೇಕರು ಕುಡಿತ, ಬೀಡಿ, ತಂಬಾಕುಗಳನ್ನು ಆ ಜೋಳಿಗೆಗೆ ಒಪ್ಪಿಸಿ ಹೊಸ ಬಾಳನ್ನು ಕಂಡರು. ಶಿವಯೋಗಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ.

ಅಂಟಿದ ಚಟವನ್ನು ಬಿಡಿಸುವುದು ಜೋಳಿಗೆಯ ಕಾರ್ಯವಾದರೆ, ಅಂಟದಂತೆ ಕಾಯುವುದು ಶಾಲೆಯ ಕಾರ್ಯ. ಚಟವು ಸದ್ದು ಮಾಡಿ ಬರುವುದಿಲ್ಲ. ಹನ್ನೆರಡು-ಹದಿಮೂರರ ವಯಸ್ಸಿನಲ್ಲಿ ಗೆಳೆಯನು ನೀಡಿದ ಚಿಟಿಕೆ ತಂಬಾಕಿನ ರೂಪದಲ್ಲಿ ಅದು ಒಳಸೇರುತ್ತದೆ. ತಂಬಾಕಿನಲ್ಲಿರುವ ನಿಕೋಟಿನ್ ಬೆಳೆಯುವ ಮಿದುಳನ್ನು ಬೇಗನೆ ವಶಪಡಿಸಿಕೊಳ್ಳುತ್ತದೆ. ಹಾಗಾದರೆ ಎಂತಹ ಪಾಠ ಮಕ್ಕಳನ್ನು ಕಾಪಾಡಬಲ್ಲುದು?

1983ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಪೊಲೀಸರೇ ತರಗತಿಗೆ ಬಂದು ಮಾದಕ ವಸ್ತುಗಳ ಕೇಡನ್ನು ಬೋಧಿಸುವ ಯೋಜನೆ ಮೊದಲಾಯಿತು. ಅದು ದೇಶದ ತುಂಬ ಹಬ್ಬಿತು, ಜನಪ್ರಿಯವೂ ಆಯಿತು. ಆದರೆ ಸಂಶೋಧಕರು ಪರೀಕ್ಷಿಸಿದಾಗ, ಪಾಠ ಕೇಳಿದವರಿಗೂ ಕೇಳದವರಿಗೂ ಹೆಚ್ಚಿನ ಅಂತರ ಕಾಣಲಿಲ್ಲ. ಕೇಡನ್ನು ಅರಿತ ಮಾತ್ರಕ್ಕೆ ಕೇಡಿನಿಂದ ದೂರವಿರುವ ಬಲ ಬಾರದು.

2004ರಿಂದ 2006ರವರೆಗೆ ದೆಹಲಿ ಮತ್ತು ಚೆನ್ನೈಗಳ 32 ಶಾಲೆಗಳಲ್ಲಿ ತಂಬಾಕನ್ನು ಕುರಿತು ಬೇರೊಂದು ಪ್ರಯೋಗ ನಡೆಯಿತು. ಕೆಲವು ಶಾಲೆಗಳಲ್ಲಿ ಸಹಪಾಠಿಗಳೇ ಮುಂದಾಳುಗಳಾಗಿ ಚಟುವಟಿಕೆಗಳನ್ನು ನಡೆಸಿದರು. ಗೆಳೆಯರ ಒತ್ತಾಯಕ್ಕೆ ಮಣಿಯದೆ ‘ಬೇಡ’ ಎನ್ನುವುದನ್ನು ಮಕ್ಕಳು ಅಲ್ಲಿ ಕಲಿತರು. ತಾಯಿತಂದೆಯರಿಗೂ ಪಾಲು ದೊರೆಯಿತು. ಎರಡು ವರ್ಷಗಳ ತರುವಾಯ ಆ ಶಾಲೆಗಳಲ್ಲಿ ತಂಬಾಕಿನ ಬಳಕೆ ತಗ್ಗಿತ್ತು. ಉಳಿದ ಶಾಲೆಗಳಲ್ಲಿ ಏರಿತ್ತು.

ಭೇದ ಎಲ್ಲಿದೆ? ಮೊದಲನೆಯದರಲ್ಲಿ ಮಕ್ಕಳು ಮುಖ್ಯವಾಗಿ ಕೇಳುಗರು, ಎರಡನೆಯದರಲ್ಲಿ ಕರ್ತೃಗಳು. ಈಜನ್ನು ದಡದಲ್ಲಿ ಕುಳಿತು ಕಲಿಯಲಾಗದು. ನಿರಾಕರಣೆಯೂ ಅಭ್ಯಾಸದಿಂದಲೇ ಬರಬೇಕು. ಜೋಳಿಗೆಯ ಮರ್ಮವೂ ಇದೇ. ಅದು ಯಾರನ್ನೂ ಹೆದರಿಸಲಿಲ್ಲ, ಹೀಯಾಳಿಸಲಿಲ್ಲ. ಮನುಷ್ಯನು ತನ್ನ ಕೈಯಾರೆ, ನಾಲ್ವರ ಎದುರು ಚಟವನ್ನು ನೀಡುವಂತೆ ಮಾಡಿತು.

ಆದರೂ ಶಾಲೆಯೊಂದೇ ಎಲ್ಲವನ್ನೂ ಸಾಧಿಸಲಾರದು. ಶಾಲೆಯ ಸುತ್ತ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯಿದೆ ವಿಧಿಸಿತು. ಅಂಗಡಿಯವನು ಅದನ್ನು ಪಾಲಿಸಬೇಕು. ಹಿರಿಯರು ಮಕ್ಕಳ ಕೈಗೆ ಕಾಸು ಕೊಟ್ಟು ಬೀಡಿ ತರಿಸುವುದನ್ನು ನಿಲ್ಲಿಸಬೇಕು. ಹಿರಿಯರ ನಡೆಯೂ ಶಾಲೆಯ ಪಾಠವೂ ಒಂದಾದಾಗ, ಬಾಲಕನ ಬಾಯಿಂದ ಹೊರಡುವ ‘ಬೇಡ’ ಎಂಬ ಎರಡಕ್ಷರಕ್ಕೆ ಬಲ ಬರುತ್ತದೆ.