ನೀರಿನ ದಾರಿಯಲ್ಲಿ ನಮ್ಮ ಮನೆ

(ಮನೆಯವರು ಕೂಡಿ ಓದತಕ್ಕ ಪಾಠ)

ನಿಮ್ಮ ಬಚ್ಚಲಿನಿಂದ ಹೊರಗೆ ಹರಿಯುವ ನೀರು ಎಲ್ಲಿಗೆ ಹೋಗುತ್ತದೆಂದು ನೀವು ಎಂದಾದರೂ ವಿಚಾರಿಸಿದ್ದುಂಟೋ? ಚರಂಡಿಗೆ ಹೋಗುತ್ತದೆಂದು ಚಿಕ್ಕ ಮಗುವು ಸಹ ಹೇಳುವದು. ಆದರೆ ಚರಂಡಿಯು ಹಳ್ಳಕ್ಕೂ, ಹಳ್ಳವು ಕೆರೆಗೂ ಸೇರುತ್ತದೆ. ಕೆರೆಯು ತುಂಬಿ ಕೋಡಿ ಬಿದ್ದರೆ ಆ ನೀರು ಹೊಳೆಗೆ ಹೋಗುತ್ತದೆ. ಆದಕಾರಣ ನಮ್ಮ ಮನೆಯು ನೀರಿನ ದಾರಿಯ ಕೊನೆಯಲ್ಲಿ ಇರುವದಲ್ಲ, ನಡುವೆ ಇರುವದು. ಮೇಲಿನವರು ಬಿಟ್ಟದ್ದು ನಮಗೆ ಬರುತ್ತದೆ; ನಾವು ಬಿಟ್ಟದ್ದು ಕೆಳಗಿನವರಿಗೆ ಹೋಗುತ್ತದೆ. ಸುತ್ತಲಿನ ನೆಲವನ್ನೂ ನೀರನ್ನೂ ಕಾಪಾಡುವದರಲ್ಲಿ ಒಬ್ಬೊಬ್ಬನು ದಿನದಿನವೂ ಮಾಡಬಹುದಾದದ್ದು ಏನೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

೧. ನಮ್ಮ ಸೀಮೆಯ ನೀರು

ಬಾಬಾಬುಡನ್ ಗಿರಿಗಳಲ್ಲಿ ಹುಟ್ಟುವ ವೇದಾ ಎಂಬ ಹೊಳೆಯು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯಿಂದ ಮುಂದೆ ಹರಿಯುತ್ತದೆ. ಅವತಿ ಎಂಬದು ಮದಗದ ಕೆರೆಯಿಂದ ಬರುತ್ತದೆ. ಇವೆರಡೂ ಕಡೂರು ಸೀಮೆಯಲ್ಲಿ ಕೂಡಿ ವೇದಾವತಿ ಎಂಬ ಹೆಸರನ್ನು ಹೊಂದಿ ಹಿರಿಯೂರಿನ ಕಡೆಗೆ ಹೋಗುತ್ತವೆ. ಅಲ್ಲಿ ೧೯೦೭ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರವಿದೆ. ಅದು ೧೯೩೩ರಲ್ಲಿ ತುಂಬಿ ಹರಿದ ಮೇಲೆ ಪುನಃ ಕೋಡಿ ಬಿದ್ದದ್ದು ೨೦೨೨ರಲ್ಲಿಯೇ. ಎಂಭತ್ತೊಂಭತ್ತು ವರುಷ ಕಾದ ಆ ಜಲಾಶಯದ ನೀರಿನಲ್ಲಿ ನಮ್ಮ ಊರಿನ ಹಳ್ಳಗಳ ಪಾಲೂ ಉಂಟು.

ತರೀಕೆರೆಯ ಕಡೆಯಲ್ಲಾದರೋ ಭದ್ರಾ ನದಿಯು ಲಕ್ಕವಳ್ಳಿಯ ಅಣೆಕಟ್ಟಿನಿಂದ ಇಳಿದು ಕೂಡ್ಲಿಯಲ್ಲಿ ತುಂಗೆಯನ್ನು ಸೇರಿ ತುಂಗಭದ್ರೆಯಾಗುತ್ತದೆ. ಬಹು ದೂರ ಹೋದ ಮೇಲೆ ವೇದಾವತಿಯೂ ಅದೇ ತುಂಗಭದ್ರೆಯನ್ನು ಕೂಡಿಕೊಳ್ಳುತ್ತದೆ. ಈ ನಡುವೆ ಅಜ್ಜಂಪುರದ ಬಳಿ ಗುಡ್ಡವನ್ನು ಕೊರೆದು ಸುರಂಗ ಮಾಡಿ, ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಭದ್ರೆಯ ನೀರನ್ನು ವೇದಾವತಿಯ ಸೀಮೆಗೆ ತಿರುಗಿಸಿದ್ದಾರೆ. ಹೀಗೆ ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ತಾಲ್ಲೂಕುಗಳೂ ಒಂದೇ ನೀರಿನ ನೆಂಟರಾಗಿವೆ. ನೆಂಟರ ಮನೆಗೆ ಕೊಳೆಯನ್ನು ಕಳುಹಿಸುವದು ನಮಗೆ ಸಲ್ಲದು.

೨. ಮನೆಯೊಳಗೆ

ಸೋರುವ ನಲ್ಲಿಯ ಕೆಳಗೆ ರಾತ್ರಿ ಒಂದು ಚೆಂಬನ್ನು ಇಟ್ಟು ಬೆಳಿಗ್ಗೆ ನೋಡಿರಿ. ಒಂದು ಸೆಕೆಂಡಿಗೆ ಒಂದು ಹನಿಯಂತೆ ಬಿದ್ದರೂ ಒಂದು ಹಗಲು ಒಂದು ರಾತ್ರಿಗೆ ನಾಲ್ಕು ಲೀಟರಿಗೆ ಹೆಚ್ಚಾಗುತ್ತದೆ. ಕೆಲವು ಕಾಸಿನ ವಾಷರನ್ನು ಹಾಕಿಸಲು ಸೋಮಾರಿಗಳಾಗಿ ನಾವು ವರುಷಕ್ಕೆ ಸಾವಿರ ಲೀಟರಿಗೂ ಮೀರಿ ಚೆಲ್ಲುತ್ತೇವೆ.

ಮಳೆಯ ಲೆಕ್ಕವೂ ಹೀಗೆಯೇ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರು. ನಿಮ್ಮ ಮನೆಯ ಚಾವಣಿಯು ೫೦ ಚದರ ಮೀಟರ್ ಇದ್ದು ಒಂದು ದಿನ ೨೦ ಮಿಲಿಮೀಟರ್ ಮಳೆಯಾದರೆ, ೧೦೦೦ ಲೀಟರು, ಅಂದರೆ ೨೦ ಲೀಟರಿನ ಕೊಡಗಳಲ್ಲಿ ೫೦ ಕೊಡ ನೀರು ಬಾಗಲಿಗೆ ಬಂದಂತಾಯಿತು. ಸ್ವಲ್ಪ ಮಾತ್ರ ಆವಿಯಾಗಿ, ಮಣ್ಣು ಹೀರಿ ನಷ್ಟವಾಗಬಹುದು. ಸೂರಿನ ಕೆಳಗೆ ಅರ್ಧ ಕೊಳವೆಯನ್ನು ಕಟ್ಟಿ, ಮೊದಲ ಮಳೆಯ ಕೊಳೆಯನ್ನು ಹೊರಗೆ ಬಿಟ್ಟು, ಉಳಿದದ್ದನ್ನು ತೊಟ್ಟಿಗೆ ಹಿಡಿಯಿರಿ. ತೊಟ್ಟಿ ಇಲ್ಲದವರು ಕಲ್ಲು ಜಲ್ಲಿ ತುಂಬಿದ ಇಂಗುಗುಂಡಿಗೆ ಬಿಡಬಹುದು.

ಬಚ್ಚಲ ನೀರನ್ನು ಬೀದಿಗೆ ಬಿಟ್ಟರೆ ಸೊಳ್ಳೆಯನ್ನು ಸಾಕಿದಂತಾಗುವದು. ಹಿತ್ತಲಲ್ಲಿ ಬಾಳೆಯನ್ನೂ ಕೆಸುವನ್ನೂ ನೆಟ್ಟು ಅವುಗಳ ಬುಡಕ್ಕೆ ಬಿಟ್ಟರೆ ಅದೇ ನೀರು ಫಲವನ್ನು ಕೊಡುವದು. ಆದರೆ ಬಚ್ಚಲಗುಂಡಿಯನ್ನು ಕುಡಿಯುವ ಬಾವಿಯ ಹತ್ತಿರ ತೋಡಬಾರದು.

೩. ಹೊಲ ತೋಟಗಳಲ್ಲಿ

ಮನೆಯಲ್ಲಿ ಚೆಂಬು ಕೊಡಗಳನ್ನು ಲೆಕ್ಕಿಸಿ ತೋಟದಲ್ಲಿ ಪಂಪನ್ನು ಇರುಳೆಲ್ಲಾ ಬಿಟ್ಟು ಮಲಗುವವನು ತನ್ನನ್ನು ತಾನೇ ಮೋಸಪಡಿಸಿಕೊಳ್ಳುತ್ತಾನೆ. ನೆಲದೊಳಗಿನ ನೀರಿನಲ್ಲಿ ಬಹುಪಾಲು ಖರ್ಚಾಗುವದು ಬೇಸಾಯಕ್ಕೇ ಹೊರತು ಅಡಿಗೆಗಲ್ಲ. ಗಿರಿಗಳ ಮರೆಯಲ್ಲಿರುವ ಕಡೂರಿನ ಬಯಲಿಗೆ ಮಳೆ ಕಡಿಮೆ. ಒಬ್ಬನು ಆಳವಾಗಿ ಕೊರೆಸಿದರೆ ನೆರೆಯವನು ಇನ್ನೂ ಆಳವಾಗಿ ಕೊರೆಸುತ್ತಾನೆ. ಕಡೆಗೆ ಇಬ್ಬರಿಗೂ ಸಾಲ ಮಾತ್ರ ಉಳಿಯುತ್ತದೆ. ಒಡಹುಟ್ಟಿದವರು ಕೊಳವೆ ಬಾವಿಯ ದೆಸೆಯಿಂದ ಮಾತು ಬಿಟ್ಟದ್ದನ್ನು ನಮ್ಮಲ್ಲಿ ಯಾರು ಕಂಡಿಲ್ಲ?

ಆದದರಿಂದ ತೆಂಗು ಅಡಿಕೆಗಳಿಗೆ ಕಾಲುವೆಯಲ್ಲಿ ನೀರನ್ನು ಹಾಯಿಸುವದಕ್ಕಿಂತ ಹನಿ ನೀರಾವರಿಯು ಮೇಲು. ತೆಂಗಿನ ಗರಿಯನ್ನೂ ಮಟ್ಟೆಯನ್ನೂ ಸುಡದೆ ಮರದ ಬುಡದಲ್ಲಿ ಹಾಸಿದರೆ ಬಿಸಿಲು ನೆಲಕ್ಕೆ ತಾಗದು, ತೇವವು ಬಹು ದಿನ ನಿಲ್ಲುವದು. ಬಾವಿಯಲ್ಲಿ ನೀರಿಲ್ಲದವನು ನೆರೆಯವನ ಅಡಿಕೆ ತೋಟವನ್ನು ನೋಡಿ ಆಶೆಪಡಬೇಡ. ರಾಗಿ, ಸಾಮೆ, ಹುರುಳಿಗಳು ಅಲ್ಪ ಮಳೆಯಲ್ಲಿಯೂ ಬೆಳೆಯುತ್ತವೆ. ಬದುವಿನ ಮೇಲೆ ಹೊಂಗೆಯನ್ನು ನೆಡಿರಿ. ಅದರ ಬೇರು ಆಳಕ್ಕೆ ಇಳಿಯುವದು, ಸೊಪ್ಪು ಗೊಬ್ಬರವಾಗುವದು, ನೆರಳು ದನಕರುಗಳಿಗೂ ಆಳುಗಳಿಗೂ ಆಗುವದು.

ಔಷಧಿ ಹೊಡೆಯುವ ಯಂತ್ರವನ್ನು ಕೆರೆಯಲ್ಲಿಯಾಗಲಿ ಹಳ್ಳದಲ್ಲಿಯಾಗಲಿ ತೊಳೆಯಬಾರದು. ವಿಷದ ಖಾಲಿ ಡಬ್ಬಿಯಲ್ಲಿ ಎಣ್ಣೆ ನೀರುಗಳನ್ನು ತುಂಬಿಡುವದು ಮನೆಯೊಳಗೆ ಮರಣವನ್ನು ಇಟ್ಟುಕೊಂಡ ಹಾಗೆ.

೪. ಕಸವೂ ಬೆಂಕಿಯೂ

ಮೊದಲು ನಮ್ಮ ಹಿರಿಯರ ತಿಪ್ಪೆಯಲ್ಲಿ ಎಲ್ಲವೂ ಕೊಳೆತು ಗೊಬ್ಬರವಾಗುತ್ತಿತ್ತು. ಈಗ ತಿಪ್ಪೆಯೊಳಗೆ ಪ್ಲಾಸ್ಟಿಕ್ ಚೀಲವು ಸೇರಿ ಗೊಬ್ಬರದೊಂದಿಗೆ ಹೊಲಕ್ಕೆ ಹೋಗುತ್ತದೆ. ಅನ್ನದ ವಾಸನೆ ಇರುವ ಚೀಲವನ್ನು ಹಸುವು ನುಂಗಿದರೆ ಅದು ಹೊಟ್ಟೆಯಲ್ಲಿ ಕರಗದೆ ಗಂಟಾಗಿ ನಿಲ್ಲುವದು. ಸುಟ್ಟರೆ ಹೊಗೆಯಲ್ಲಿ ವಿಷವುಂಟು. ಒಲೆಗೆ ಪ್ಲಾಸ್ಟಿಕ್ ಹಾಕಿ ಹೊತ್ತಿಸುವ ತಾಯಂದಿರೇ, ಆ ಹೊಗೆಯನ್ನು ಮೊದಲು ಕುಡಿಯುವದು ನಿಮ್ಮ ಮಡಿಲಿನ ಮಗು. ಕರ್ನಾಟಕ ಸರಕಾರವು ೨೦೧೬ರಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ಮುಂತಾದವುಗಳನ್ನು ನಿಷೇಧಿಸಿತು. ಒಂದೇ ಸಾರಿ ಬಳಸಿ ಬಿಸಾಡುವ ಅನೇಕ ಪ್ಲಾಸ್ಟಿಕ್ ವಸ್ತುಗಳು ೨೦೨೨ನೆಯ ಜುಲೈ ೧ರಿಂದ ದೇಶದಲ್ಲೆಲ್ಲಾ ನಿಷಿದ್ಧವಾದವು. ಆದರೂ ಸಂತೆಗೆ ಬರಿಗೈಯಲ್ಲಿ ಹೋಗುವವನು ಚೀಲವನ್ನು ಕೇಳಿಯೇ ಕೇಳುತ್ತಾನೆ. ಮನೆಯಿಂದ ಬಟ್ಟೆಯ ಚೀಲವನ್ನು ಒಯ್ದರೆ ಕೇಳುವ ಅಗತ್ಯವೇ ಇಲ್ಲ.

ಮದುವೆಯ ಊಟದಲ್ಲಿಯೂ ಸಭೆಯ ಊಟದಲ್ಲಿಯೂ ಬಾಳೆ ಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆಗಳು ಇರಲಿ. ಕಾಗದದ ಲೋಟವೆಂದು ಕೊಳ್ಳುವದರ ಒಳಗಡೆಯೂ ಸಾಮಾನ್ಯವಾಗಿ ತೆಳ್ಳಗೆ ಪ್ಲಾಸ್ಟಿಕ್ ಹಚ್ಚಿರುತ್ತಾರೆ. ಆದದರಿಂದ ತೊಳೆದು ಬಳಸುವ ಸ್ಟೀಲ್ ಲೋಟವೇ ಉತ್ತಮ. ತೊಳೆಯುವ ಕೆಲಸವನ್ನು ಹೆಂಗಸರ ಮೇಲೆ ಮಾತ್ರ ಹೊರಿಸದೆ ಯೌವನಸ್ಥರೂ ಕೈಕೊಡಲಿ.

ತರೀಕೆರೆ ಸೀಮೆಯವರಿಗೆ ಇನ್ನೊಂದು ಮಾತು. ಅಡಿಕೆ ಸಿಪ್ಪೆಯನ್ನು ರಸ್ತೆಯ ಬದಿಗೆ ಸುರಿದು ಬೆಂಕಿ ಹಚ್ಚಿದರೆ ಅದು ದಿನಗಟ್ಟಲೆ ಹೊಗೆಯಾಡುವದು. ದಾರಿಯಲ್ಲಿ ಹೋಗುವವರಿಗೆ ಕಣ್ಣು ಕಾಣದು. ಸಗಣಿಯೊಂದಿಗೆ ಪದರಪದರವಾಗಿ ಗುಂಡಿಗೆ ಹಾಕಿ ತೇವವಾಗಿಟ್ಟರೆ, ಕೊಳೆಯಲು ತಡವಾದರೂ, ತೋಟಕ್ಕೆ ಗೊಬ್ಬರವಾಗುವದು.

೫. ಗಿರಿ, ಕಾವಲು, ಕೆರೆ

ಬೇಸಿಗೆಯಲ್ಲಿ ಕೆಮ್ಮಣ್ಣುಗುಂಡಿ ಬಾಬಾಬುಡನ್ ಗಿರಿಗಳ ಕಡೆ ಹೋಗುವವರು ಒಂದು ಬೀಡಿಯ ಕಿಡಿಯನ್ನೂ ಬಿಸಾಡಬಾರದು. ಆ ಹುಲ್ಲುಬೆಟ್ಟಗಳೂ ಕಣಿವೆಯ ಸೋಲೆಕಾಡುಗಳೂ ಮಳೆಯನ್ನು ಹೀರಿಕೊಂಡು ಮೆಲ್ಲನೆ ಬಿಡುವದರಿಂದಲೇ ನಮ್ಮ ಹಳ್ಳಗಳು ಮಳೆ ನಿಂತ ಮೇಲೂ ಹರಿಯುತ್ತವೆ.

ಬಯಲಿನ ಕಾವಲುಗಳನ್ನು ಬರಿಯ ಪಾಳು ಎಂದು ಎಣಿಸಬೇಡಿರಿ. ಅಮೃತಮಹಲ್ ದನಗಳಿಗಾಗಿ ಬೇಸಿಗೆಗೆ, ಚಳಿಗಾಲಕ್ಕೆ, ಮಳೆಗಾಲಕ್ಕೆ ಎಂದು ಬೇರೆ ಬೇರೆ ಕಾವಲುಗಳನ್ನು ಹಿಂದಿನವರು ವಿಂಗಡಿಸಿದ್ದರು. ದನಗಳು ಒಂದರಲ್ಲಿ ಮೇಯುವಾಗ ಇನ್ನೊಂದರ ಹುಲ್ಲು ಚೇತರಿಸಿಕೊಳ್ಳುತ್ತಿತ್ತು. ಕಡೂರು ತಾಲ್ಲೂಕಿನ ಬಾಸೂರು ಕಾವಲು ೨೦೧೧ರಲ್ಲಿ ಕೃಷ್ಣಮೃಗಗಳ ನಿಮಿತ್ತವಾಗಿ ಸಂರಕ್ಷಣಾ ಮೀಸಲು ಎಂದು ಘೋಷಿಸಲ್ಪಟ್ಟಿತು. ಅಲ್ಲಿಗೆ ಬೆಂಕಿಯನ್ನೂ ನಾಯಿಗಳನ್ನೂ ಕಸವನ್ನೂ ಒಯ್ಯದಿರುವದೇ ನಾವು ಮಾಡುವ ಸಹಾಯ.

ಕೆರೆಯ ವಿಷಯದಲ್ಲಿ ಹಿರಿಯರ ಪದ್ಧತಿಯನ್ನು ಬಿಡಬಾರದು. ಕೆರೆ ಒಣಗಿದಾಗ ಅಪ್ಪಣೆ ಪಡೆದು ಗೋಡನ್ನು ಹೊಲಕ್ಕೆ ಹೊಡೆದರೆ ಹೊಲಕ್ಕೆ ಸಾರ, ಕೆರೆಗೆ ಆಳ. ಕೆರೆಗೆ ನೀರು ತರುವ ಕಾಲುವೆಯನ್ನು ಒಂದು ಮೊಳ ಒತ್ತಿಕೊಂಡವನು ಊರಿನ ಕೆರೆಯನ್ನೇ ಕದ್ದಂತೆ.

೬. ನಾನೊಬ್ಬನು ಮಾಡಿದರೆ ಆಗುವದೇನು?

ಹೀಗೆ ಕೇಳುವವರು ಅನೇಕರು. ಒಬ್ಬನಿಂದ ಎಲ್ಲವೂ ಸರಿಯಾಗುವದೆಂದು ನಾವು ಹೇಳುವದಿಲ್ಲ. ಪಟ್ಟಣದ ಕೊಳೆಯನ್ನು ಶುದ್ಧಿಮಾಡುವದು, ಊರಿನ ಕಸವನ್ನು ಸಾಗಿಸುವದು, ಕಾಲುವೆಯ ಒತ್ತುವರಿಯನ್ನು ಬಿಡಿಸುವದು ಪಂಚಾಯಿತಿಯ ಮತ್ತು ಸರಕಾರದ ಕೆಲಸ. ಅದನ್ನು ಗ್ರಾಮಸಭೆಯಲ್ಲಿ ಎದ್ದು ಕೇಳುವದೂ ನಮ್ಮ ಕರ್ತವ್ಯವೇ. ಆದರೆ ತನ್ನ ಬಚ್ಚಲನ್ನು ಬೀದಿಗೆ ಬಿಟ್ಟವನು ಪಂಚಾಯಿತಿಯ ಚರಂಡಿಯ ವಿಷಯವಾಗಿ ಯಾವ ಮುಖದಿಂದ ಮಾತಾಡುವನು? ತನ್ನ ಪಾಲನ್ನು ಮಾಡಿದವನ ಮಾತಿಗೆ ಊರು ಕಿವಿಗೊಡುವದು. ಬೇರೆ ಯಾರೂ ಮಾಡದಿದ್ದರೂ ಅವನ ಬಾಳೆಯ ಬುಡವು ತೇವವಾಗಿರುವದು, ಅವನ ಹಸುವಿನ ಹೊಟ್ಟೆಯಲ್ಲಿ ಚೀಲವಿರದು.

ಆದಕಾರಣ ಪ್ರಿಯರೇ, ಎಲ್ಲವನ್ನೂ ಒಂದೇ ದಿನ ಹಿಡಿಯಬೇಡಿರಿ. ಈ ವಾರ ಸೋರುವ ನಲ್ಲಿಯನ್ನು ಸರಿಮಾಡಿಸಿರಿ. ಬರುವ ಸಂತೆಗೆ ಚೀಲವನ್ನು ಒಯ್ಯಿರಿ. ಮುಂಗಾರು ಹಿಡಿದಾಗ ಒಂದು ಹೊಂಗೆಯನ್ನು ನೆಟ್ಟು ಎರಡು ಬೇಸಿಗೆ ನೀರೆರೆಯಿರಿ.

ಮನೆಯಲ್ಲಿ ಕೇಳತಕ್ಕ ಪ್ರಶ್ನೆಗಳು

೧. ನಮ್ಮ ಊರಿನ ಹಳ್ಳವು ಯಾವ ಕೆರೆಗೆ, ಆ ಕೆರೆಯು ಯಾವ ಹೊಳೆಗೆ ಸೇರುತ್ತದೆ?
೨. ನಿನ್ನೆ ನಮ್ಮ ಮನೆಯಿಂದ ಹೊರಗೆ ಬಿದ್ದ ಕಸದಲ್ಲಿ ಕೊಳೆಯದಿರುವದು ಎಷ್ಟು?
೩. ನಮ್ಮ ತೋಟದ ಪಂಪು ದಿನಕ್ಕೆ ಎಷ್ಟು ಗಂಟೆ ನಡೆಯುತ್ತದೆ? ಅಷ್ಟು ಬೇಕೋ?
೪. ಈ ತಿಂಗಳಲ್ಲಿ ನಾವು ಹಿಡಿಯುವ ಒಂದು ಕೆಲಸ ಯಾವದು? ಅದನ್ನು ಯಾರು ಮಾಡುವರು?